ಗೇಟತ್ತೆ ನೋಡಿದ ಮುನ್ನೂರ ಹನ್ನೆರಡು ವಿಡಿಯೋ

ಆ ಶಾಲೆಯ ಮಕ್ಕಳಿಗೆಲ್ಲ ಅವಳು ಗೇಟತ್ತೆ. ಹತ್ತೊಂಬತ್ತು ವರ್ಷ ಅದೇ ಕಬ್ಬಿಣದ ಗೇಟು ಕಾದದ್ದಕ್ಕೆ ಅಂಟಿಕೊಂಡ ಹೆಸರು. ಗೇಟಿನ ಪಕ್ಕ ಅವಳಿಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು ನಿಜ. ಆದರೆ ಅದರ ಮೇಲೆ ಕೂತಿರುತ್ತಿದ್ದದ್ದು ಅವಳ ರಿಜಿಸ್ಟರು, ನೀರಿನ ಬಾಟಲಿ, ಯಾವುದೋ ಮಗು ಮರೆತುಹೋದ ಸ್ವೆಟರು. ಅವಳು ನಿಂತೇ ಇರುತ್ತಿದ್ದಳು. ಗಂಟೆ ಬಾರಿಸಿತೆಂದರೆ ಇನ್ನೂರ ಎಂಬತ್ತು ಮಕ್ಕಳು ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ನುಗ್ಗಿ ಬರುತ್ತಿದ್ದರು. ಆ ಗದ್ದಲದಲ್ಲೂ ಯಾರನ್ನು ಅಜ್ಜ ಕರೆದೊಯ್ಯುತ್ತಾರೆ, ಯಾರು ವ್ಯಾನಿಗೆ ಹತ್ತಬೇಕು, ಯಾರ ಅಮ್ಮನಿಗೆ ದಿನಾ ಹತ್ತು ನಿಮಿಷ ತಡ, ಯಾರ ಅಪ್ಪ ಬಂದರೆ ಮೊದಲು ಹೆಡ್‌ಮಿಸ್‌ಗೆ ಹೇಳಬೇಕು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ರಿಜಿಸ್ಟರು ಬರೀ ಸಾಕ್ಷಿಗೆ.

ಮುಖ ನೋಡಿ ಮಣೆ ಹಾಕುವ ಜಾಯಮಾನ ಅವಳದಲ್ಲ. ಒಮ್ಮೆ ಶಾಲೆಯ ಮಾಲೀಕರ ಅಳಿಯನನ್ನೇ ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿಬಿಟ್ಟಿದ್ದಳು. "ನೀವು ಅಳಿಯಂದಿರೇ ಇರಬಹುದು ಸಾರ್. ಆದ್ರೆ ಅದನ್ನ ನಿಮ್ಮ ಮಾವ ಬಂದು ಹೇಳ್ಬೇಕು, ನೀವು ಹೇಳಿದ್ರೆ ಆಗಲ್ಲ." ಟೀಚರುಗಳು ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಾಲೀಕರು ಮಾತ್ರ ಅವತ್ತು ಅವಳ ಬೆನ್ನು ತಟ್ಟಿದ್ದರು.

ಗಂಡ ಮದುವೆಯಾದ ನಾಲ್ಕನೇ ವರ್ಷಕ್ಕೇ ತೀರಿಕೊಂಡಿದ್ದ. ಮಕ್ಕಳಿಲ್ಲ. ಬೈಂಡಿಂಗ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ತಂಗಿ ಮತ್ತು ತಂಗಿಯ ಮಗಳ ಜೊತೆ ಇದ್ದಳು. "ಅಕ್ಕನಿಗೆ ಇನ್ನೂರ ಎಂಬತ್ತು ಮಕ್ಕಳು. ಒಂದಕ್ಕೂ ಮೂಗು ಒರೆಸಿ ಗೊತ್ತಿಲ್ಲ, ಬರೀ ಎಣಿಸೋದು" ಎಂದು ತಂಗಿ ರೇಗಿಸುತ್ತಿದ್ದಳು. ಗೇಟತ್ತೆಗೆ ಅದು ಬೈಗುಳ ಅನಿಸುತ್ತಿರಲಿಲ್ಲ. ಎಣಿಸುವುದೇ ಅವಳ ಕೆಲಸ. ಲೆಕ್ಕ ತಪ್ಪದ ದಿನ ಅವಳಿಗೆ ಒಳ್ಳೆಯ ದಿನ.

ಆರು ವರ್ಷದ ಹಿಂದೆ ಒಮ್ಮೆ, ಹೆಂಡತಿಯನ್ನು ಬಿಟ್ಟಿದ್ದ ಒಬ್ಬ ಗಂಡಸು ಮಗನನ್ನು ಎಳೆದೊಯ್ಯಲು ಬಂದಿದ್ದ. ಗೇಟತ್ತೆ ಬಿಡಲಿಲ್ಲ. ಅವನು ತಳ್ಳಿದ ರಭಸಕ್ಕೆ ಅವಳ ಹುಬ್ಬು ಗೇಟಿನ ಚಿಲಕಕ್ಕೆ ಬಡಿದು ಮೂರು ಹೊಲಿಗೆ ಬಿದ್ದವು. ಆಮೇಲೆ ಅವಳೇ ಹೆಡ್‌ಮಿಸ್ ಹತ್ತಿರ ಹೋಗಿ ಒಂದು ಉಪಾಯ ಹೇಳಿದಳು. ಪ್ರತಿ ಮನೆಯವರೂ ಒಂದು ಗುಟ್ಟಿನ ಮಾತು ಕೊಡಬೇಕು. ದಿನವೂ ಬರುವವರು ಬಿಟ್ಟು ಬೇರೆ ಯಾರೇ ಮಗುವನ್ನು ಕರೆಯಲು ಬಂದರೂ ಆ ಮಾತು ಹೇಳಬೇಕು. ಹೇಳದಿದ್ದರೆ ಗೇಟು ತೆರೆಯುವುದಿಲ್ಲ. ಆ ಮಾತು ಗೊತ್ತಿರುವುದು ಅಪ್ಪ ಅಮ್ಮನಿಗೆ, ಕ್ಲಾಸ್ ಟೀಚರಿಗೆ, ಗೇಟತ್ತೆಗೆ, ಮಗುವಿಗೆ. ಬೇರೆ ಶಾಲೆಯವರೂ ಬಂದು ಇದನ್ನು ಕೇಳಿಕೊಂಡು ಹೋದರು. ತನ್ನ ಜೀವನದಲ್ಲಿ ತಾನು ಮಾಡಿದ ಒಂದು ದೊಡ್ಡ ಕೆಲಸ ಅಂದರೆ ಇದು ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಎರಡನೇ ಕ್ಲಾಸಿನಲ್ಲಿ ಚೂಟಿ ಎಂಬ ಹುಡುಗಿ ಇದ್ದಳು. ಮನೆಯವರು ಕರೆಯುವ ಹೆಸರು ಅದು. ಶಾಲೆಯಲ್ಲೂ ಅದೇ ನಿಂತುಬಿಟ್ಟಿತು. ಏಳು ವರ್ಷ. ಬಾಯಿ ಅಂದರೆ ಬಾಯಿ. ಬೆಳಿಗ್ಗೆ ಗೇಟು ದಾಟುವ ಅರ್ಧ ನಿಮಿಷದಲ್ಲಿ ಹಿಂದಿನ ದಿನದ ಸಮಾಚಾರವನ್ನೆಲ್ಲ ಒಪ್ಪಿಸಿ ಹೋಗುತ್ತಿದ್ದಳು. "ಗೇಟತ್ತೇ, ನಮ್ಮ ಬೆಕ್ಕು ಮೂರು ಮರಿ ಹಾಕಿದೆ, ಒಂದಕ್ಕೆ ನಿಮ್ಮ ಹೆಸರು ಇಟ್ಟಿದೀನಿ, ಅದು ಬಾಗಿಲಲ್ಲೇ ಕೂತಿರುತ್ತೆ." ಅಪ್ಪ ಪೆಟ್ರೋಲ್ ಟ್ಯಾಂಕರ್ ಡ್ರೈವರು, ವಾರದಲ್ಲಿ ಒಂದೂವರೆ ದಿನ ಮನೆಯಲ್ಲಿದ್ದರೆ ಹೆಚ್ಚು. ಅಮ್ಮ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ಕೆಲಸ. ಮಗಳ ಮಾತನ್ನು ಫೋನಿನಲ್ಲಿ ಹಿಡಿದು ಗಂಡನಿಗೆ ಕಳಿಸುವುದು ಆ ತಾಯಿಗೆ ಅಭ್ಯಾಸವಾಗಿತ್ತು. ಬರುಬರುತ್ತಾ ಅದನ್ನು ಎಲ್ಲರೂ ನೋಡುವ ಹಾಗೆ ಹಾಕತೊಡಗಿದಳು. ಗಂಡನಿಲ್ಲದ ಸಂಜೆಗಳಲ್ಲಿ ಗುರುತಿಲ್ಲದ ಜನ ಬರೆಯುವ 'ದೃಷ್ಟಿ ತೆಗೀರಿ', 'ನಮ್ಮನೆಗೂ ಕಳಿಸಿ ಒಂದು ದಿನ' ಎಂಬ ಮಾತುಗಳು ಅವಳಿಗೊಂದು ಜೊತೆ. ಕೆಲವು ಸಲ ಗೇಟಿನ ಹತ್ತಿರವೂ ಫೋನು ಹಿಡಿದು, "ಗೇಟತ್ತೇ, ಒಂದು ಹಾಯ್ ಹೇಳಿ!" ಎನ್ನುತ್ತಿದ್ದಳು. ಗೇಟತ್ತೆ ಕೈ ಬೀಸುತ್ತಿದ್ದಳು. ಟ್ಯಾಂಕರಿನಲ್ಲಿ ಕೂತ ಆ ಅಪ್ಪ ನೋಡುತ್ತಾನೆ ಎಂದಷ್ಟೇ ಅವಳು ತಿಳಿದಿದ್ದಳು.

ಅದೊಂದು ಮಂಗಳವಾರ. ಮಧ್ಯಾಹ್ನ ಊಟದ ಬಿಡುವು ಮುಗಿದು ಗೇಟಿನ ಸುತ್ತ ಸದ್ದಡಗಿತ್ತು. ಹೆಡ್‌ಮಿಸ್ ಯಾವುದೋ ಮೀಟಿಂಗಿಗೆ ಹೋಗಿದ್ದರು. ಒಂದೂವರೆಯ ಹೊತ್ತಿಗೆ ಒಬ್ಬ ಬಂದು ನಿಂತ. ನಲವತ್ತರ ಆಸುಪಾಸು. ತೋಳು ಮಡಿಸಿದ ಬಿಳಿ ಶರ್ಟು, ಬೆವೆತ ಹಣೆ, ಕೈಯಲ್ಲಿ ಆಸ್ಪತ್ರೆಯ ಫೈಲು. ಚೂಟಿಯ ಸೋದರಮಾವ ಎಂದ. ಅಕ್ಕ ಸ್ಕೂಟರಿನಿಂದ ಬಿದ್ದಿದ್ದಾಳೆ, ಕಾಲಿಗೆ ಆಪರೇಷನ್ ಆಗಬೇಕು, ಒಳಗೆ ಕರೆದುಕೊಂಡು ಹೋಗುವ ಮೊದಲು ಮಗಳನ್ನು ನೋಡಬೇಕು ಅಂತ ಹಟ ಹಿಡಿದಿದ್ದಾಳೆ ಎಂದ.

"ನಿಮ್ಮ ಹೆಸರು ರಿಜಿಸ್ಟರಲ್ಲಿ ಇಲ್ವಲ್ಲ ಸಾರ್."

"ಇಲ್ಲ ಅಮ್ಮ. ನಾನು ಇರೋದು ಬೇರೆ ಊರಲ್ಲಿ. ನೀವು ಬಿಡಲ್ಲ ಅಂತ ಅಕ್ಕ ಹೇಳಿನೇ ಕಳಿಸಿದಾಳೆ. ಗುಟ್ಟಿನ ಮಾತು ಕೇಳ್ತಾರೆ ಅಂದ್ಲು." ಅವನು ಗೇಟಿಗೆ ಇನ್ನಷ್ಟು ಹತ್ತಿರ ಬಂದು ದನಿ ತಗ್ಗಿಸಿದ. "ಹಸಿರಾನೆ."

ಮಾತು ಸರಿಯಾಗಿತ್ತು. ಆದರೂ ಅವಳು ಅಷ್ಟಕ್ಕೇ ಬಿಡಲಿಲ್ಲ. ತಾಯಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಆಸ್ಪತ್ರೆಯಲ್ಲಿದ್ದವಳು ಹೇಗೆ ಎತ್ತುತ್ತಾಳೆ! ಅಪ್ಪನಿಗೆ ಮಾಡಿದಳು, ಸ್ವಿಚ್ ಆಫ್. "ಭಾವ ಮಂಗಳವಾರ ಲೋಡಿಂಗಿಗೆ ಹೋಗಿರ್ತಾರೆ, ಡಿಪೋ ಒಳಗೆ ಫೋನು ಆನ್ ಮಾಡೋ ಹಾಗಿಲ್ಲ" ಎಂದ ಅವನು. ಅದೂ ನಿಜವೇ. ಟೀಚರು ಚೂಟಿಯನ್ನು ಕರೆತಂದರು. ಮಗು ಅವನನ್ನು ನೋಡಿ ಟೀಚರ ಹಿಂದೆ ಸರಿಯಿತು.

"ಇವರು ಯಾರು ಗೊತ್ತಾ ಪುಟ್ಟಾ?" ಎಂದು ಗೇಟತ್ತೆ ಕೇಳಿದಳು.

ಮಗು ಉತ್ತರ ಕೊಡುವ ಮೊದಲೇ ಅವನು ಮೊಣಕಾಲೂರಿ ಕೂತ. "ನಾನು ನಿನ್ನ ಮಾಮ ಕಣಮ್ಮ. ನೀನು ತೊಟ್ಟಿಲಲ್ಲಿದ್ದಾಗ ನೋಡಿದ್ದು, ಮರೆತಿರ್ತೀಯ. ಬಿದ್ದ ಹಲ್ಲನ್ನ ಬೆಂಕಿಪೊಟ್ಟಣದಲ್ಲಿ ಇಟ್ಟಿದೀಯಂತೆ? ಬಾಗಿಲಲ್ಲೇ ಕೂತಿರೋ ಬೆಕ್ಕಿನ ಮರಿ ಈಗ ಎಷ್ಟು ದೊಡ್ಡದಾಯ್ತು?"

ಚೂಟಿಯ ಮುಖ ಅರಳಿತು. "ನಿಮಗೆ ಹೇಗೆ ಗೊತ್ತು?"

"ಮಾಮನಿಗೆ ಎಲ್ಲ ಗೊತ್ತು."

ಗೇಟತ್ತೆ ರಿಜಿಸ್ಟರಿನಲ್ಲಿ ಅವನ ಸಹಿ ಹಾಕಿಸಿಕೊಂಡು, ಮಗುವಿನ ಬ್ಯಾಗಿನ ಪಟ್ಟಿ ಸರಿಮಾಡಿ, ಕೈಯನ್ನು ಅವನ ಕೈಯಲ್ಲಿಟ್ಟಳು. "ಹುಷಾರಾಗಿ ಕರ್ಕೊಂಡು ಹೋಗಿ. ಅಮ್ಮನಿಗೆ ಏನೂ ಆಗಲ್ಲ ಅಂತ ಹೇಳಿ" ಎಂದಳು. ತಾನು ಹೇಳಿದ ಆ ಮಾತು ಅವಳಿಗೆ ಕೊನೆಯವರೆಗೂ ನೆನಪಿನಲ್ಲಿ ಉಳಿಯಿತು.

ಎರಡೂವರೆಗೆ ಅವಳ ಫೋನು ರಿಂಗಾಯಿತು. ಚೂಟಿಯ ಅಮ್ಮ.

"ಗೇಟತ್ತೇ, ಕಾಲ್ ಮಾಡಿದ್ರಾ? ಫೋನು ಡ್ರಾಯರಲ್ಲಿತ್ತು, ಈಗ ನೋಡ್ದೆ. ಏನಾದ್ರೂ ಜ್ವರಗಿರ ಬಂತಾ ಅವಳಿಗೆ?"

"ನೀವು... ಆಸ್ಪತ್ರೆಯಲ್ಲಿಲ್ವಾ ಅಮ್ಮಾ?"

"ನಾನ್ಯಾಕೆ ಆಸ್ಪತ್ರೆಗೆ ಹೋಗ್ಲಿ?"

ಗೇಟತ್ತೆ ಗೇಟಿನ ಸರಳು ಹಿಡಿದುಕೊಂಡು ಖಾಲಿ ಬೀದಿಯ ಎರಡೂ ಕಡೆ ನೋಡಿದಳು. ಫೋನಿನೊಳಗಿಂದ ಆ ತಾಯಿಯ ದನಿ ಬರುತ್ತಲೇ ಇತ್ತು. "ಹಲೋ? ಗೇಟತ್ತೇ? ಹಲೋ?"

ಸಂಜೆ ಏಳಕ್ಕೆ ಪಕ್ಕದ ಊರಿನ ಬಸ್ ನಿಲ್ದಾಣದಲ್ಲಿ ಚೂಟಿ ಸಿಕ್ಕಳು. ಟಿಕೆಟ್ ಕೌಂಟರಿನ ಎದುರಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಕೈಯಲ್ಲಿ ಒಡೆಯದ ಬಿಸ್ಕತ್ ಪೊಟ್ಟಣ. ಮೈಮೇಲೆ ಶಾಲೆಯ ಯೂನಿಫಾರ್ಮ್ ಇರಲಿಲ್ಲ. ಹೊಸ ಫ್ರಾಕು ಇತ್ತು, ಕತ್ತಿನ ಹಿಂದೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಆಸ್ಪತ್ರೆಯಲ್ಲಿ ವೈದ್ಯೆ ಬಾಗಿಲು ಹಾಕಿಕೊಂಡು ಏನು ನೋಡಿದರು, ಆಮೇಲೆ ತಾಯಿಯನ್ನು ಒಳಗೆ ಕರೆದು ಏನು ಹೇಳಿದರು ಎಂಬುದು ಗೇಟತ್ತೆಗೆ ತಿಳಿಯಲಿಲ್ಲ. ಹೊರಗೆ ಬಂದ ತಾಯಿಯ ಮುಖವನ್ನು ಮಾತ್ರ ಅವಳು ನೋಡಿದಳು. ಕೇಳುವ ಧೈರ್ಯ ಬರಲಿಲ್ಲ. ಚೂಟಿ ಅಂದಿನಿಂದ ಮಾತು ನಿಲ್ಲಿಸಿದಳು. ಹಸಿವಾದರೆ ತಟ್ಟೆ ತೋರಿಸುತ್ತಾಳೆ, ಅಷ್ಟೇ ಎಂದು ಟೀಚರು ಹೇಳಿದರು.

ಅವನು ಸಿಕ್ಕಲಿಲ್ಲ. ರಿಜಿಸ್ಟರಿನಲ್ಲಿ ಮಾಡಿದ ಸಹಿ ಬರೀ ಗೀಚು. ಕೊಟ್ಟ ನಂಬರು ಯಾರದ್ದೂ ಅಲ್ಲ.

ಕೇಸು ನೋಡುತ್ತಿದ್ದ ಇನ್‌ಸ್ಪೆಕ್ಟರ್ ಹೆಂಗಸು. ಕೂಗಾಡುವವರಲ್ಲ. ಆದರೆ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ನಾಲ್ಕು ಬಗೆಯಲ್ಲಿ ಕೇಳುವವರು. "ಗುಟ್ಟಿನ ಮಾತು ಗೊತ್ತಿದ್ದದ್ದು ನಾಲ್ಕೇ ಕಡೆ ಅಂತೀರ. ಅಪ್ಪ ಅಮ್ಮ ಹೇಳಿಲ್ಲ. ಟೀಚರ್ ಹೇಳಿಲ್ಲ. ಇನ್ನು ಉಳಿದವರು ಯಾರು?"

"ನಾನು ಹೇಳಿಲ್ಲ ಮೇಡಂ."

"ಯಾರಿಗೂ? ಮಾತಿನ ಮಧ್ಯೆ ಬಾಯ್ತಪ್ಪಿ?"

"ನಂಗೆ ಬಾಯಿ ತಪ್ಪಲ್ಲ ಮೇಡಂ. ಹತ್ತೊಂಬತ್ತು ವರ್ಷ ಆಯ್ತು."

ಶಾಲೆಯವರು ಅವಳನ್ನು ಕೆಲಸದಿಂದ ನಿಲ್ಲಿಸಿದರು. ಬೀದಿಯಲ್ಲಿ ಅವಳು ನಡೆದರೆ ಗುಸುಗುಸು ಹಿಂದೆಯೇ ಬರುತ್ತಿತ್ತು. ಹಾಲಿನ ಅಂಗಡಿಯವನು ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟ. ಅದನ್ನೆಲ್ಲ ಅವಳು ನುಂಗಿಕೊಂಡಳು. ಆದರೆ ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ತಂಗಿ ನಲ್ಲಿ ನಿಲ್ಲಿಸಿ, ತಿರುಗಿ ನೋಡದೆಯೇ, "ಅಕ್ಕಾ, ನೀನು ನಿಜವಾಗ್ಲೂ ಯಾರಿಗೂ ಹೇಳಿಲ್ಲ ತಾನೇ?" ಎಂದಳು. ಗೇಟತ್ತೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ದಿನ ಏಳಲಿಲ್ಲ.

ಮೂರನೇ ದಿನ ತಂಗಿಯ ಮಗಳು ಬಂದು ಪಕ್ಕ ಕೂತಳು. ಲ್ಯಾಬ್ ಒಂದರಲ್ಲಿ ರಕ್ತ ಪರೀಕ್ಷೆಯ ಕೆಲಸ ಅವಳದು. "ದೊಡ್ಡಮ್ಮ, ಆ ಮಗೂ ವಿಡಿಯೋ ನೀನು ನೋಡಿದೀಯಾ?"

"ಅವರಪ್ಪನಿಗೆ ಕಳಿಸ್ತಿದ್ದದ್ದಾ? ನಾನ್ಯಾಕೆ ನೋಡ್ಲಿ?"

"ಅಪ್ಪನಿಗೆ ಮಾತ್ರ ಅಲ್ಲ ದೊಡ್ಡಮ್ಮ. ಊರಿಗೆಲ್ಲ."

ಅವಳು ಫೋನು ತೆಗೆದು ತೋರಿಸಿದಳು. ಚೂಟಿ ಹಲ್ಲುಜ್ಜುವುದು, ಚೂಟಿ ಮುನಿಸಿಕೊಂಡದ್ದು, ಚೂಟಿ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು ಓಡುವುದು. ಒಂದರ ಕೆಳಗೆ ಒಂದು, ಮುನ್ನೂರ ಹನ್ನೆರಡು. ಗೇಟತ್ತೆ ಎದ್ದು ಮುಖ ತೊಳೆದುಕೊಂಡು ಬಂದು ಟೇಬಲಿನ ಮುಂದೆ ಕೂತಳು. "ಮೊದಲನೇದರಿಂದ ಹಾಕು" ಎಂದಳು.

ಒಂಬತ್ತು ದಿನ ನೋಡಿದಳು. ತಂಗಿಯ ಮಗಳು ಕೆಲಸಕ್ಕೆ ಹೋದ ಮೇಲೂ ತನ್ನ ಫೋನಿನಲ್ಲಿ ಒಬ್ಬಳೇ ನೋಡಿದಳು. ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು, ರಿಜಿಸ್ಟರು ಬರೆಯುವ ಹಾಗೆಯೇ ಬರೆದಳು. ಯೂನಿಫಾರ್ಮಿನ ಮೇಲೆ ಶಾಲೆಯ ಹೆಸರು ಓದುವಷ್ಟು ಸ್ಪಷ್ಟವಾಗಿ ಕಂಡದ್ದು ಎಷ್ಟು ಸಲ. ಅಪ್ಪ ಯಾವ ದಿನ ಮನೆಯಲ್ಲಿರುವುದಿಲ್ಲ ಎಂದು ಮಗು ಬೆರಳು ಮಡಿಸಿ ಹೇಳಿದ್ದು. 'ಅಮ್ಮನ ಅಂಗಡೀಲಿ ಓನರ್ ಅಂಕಲ್ ಫೋನೆಲ್ಲ ಡ್ರಾಯರಲ್ಲಿ ಹಾಕ್ತಾರೆ, ಜೈಲು' ಎಂದು ನಗಿಸಿದ್ದು. ದೂರದಲ್ಲಿರುವ ಒಬ್ಬ ಮಾಮ ತನ್ನನ್ನು ನೋಡಲು ಬರುವುದೇ ಇಲ್ಲ ಎಂದು ಗಲ್ಲ ಉಬ್ಬಿಸಿದ್ದು. ಹನ್ನೊಂದು ವಿಡಿಯೋಗಳಲ್ಲಿ ಗೇಟತ್ತೆಯೇ ಇದ್ದಳು, ಬಾಯ್ತುಂಬ ನಗುತ್ತಾ ಕೈ ಬೀಸುತ್ತಾ.

ಇನ್ನೂರ ಅರವತ್ತನೆಯದೋ ಏನೋ ಇರಬೇಕು. ಚೂಟಿ ಮಂಚದ ಮೇಲೆ ತನ್ನ ಗೊಂಬೆಗಳನ್ನು ಸಾಲಾಗಿ ಕೂರಿಸಿ ಟೀಚರಾಟ ಆಡುತ್ತಿದ್ದಾಳೆ. "ನೋಡಿ ಮಕ್ಕಳೇ, ಯಾರಾದ್ರೂ ಕರೆಯೋಕೆ ಬಂದ್ರೆ ಸುಮ್ನೆ ಹೋಗ್ಬಾರದು. ಗುಟ್ಟಿನ ಮಾತು ಕೇಳ್ಬೇಕು. ನಮ್ಮ ಗುಟ್ಟು ಹಸಿರಾನೆ. ಯಾರಿಗೂ ಹೇಳ್ಬಾರದು, ಶ್!" ಬೆರಳು ತುಟಿಗೆ. ಹಿಂದಿನಿಂದ ಅಮ್ಮ ನಗುವ ಸದ್ದು. ಆ ವಿಡಿಯೋವನ್ನು ನಾಲ್ಕು ಲಕ್ಷ ಜನ ನೋಡಿದ್ದರು.

ಗೇಟತ್ತೆ ಆ ಸಾಲನ್ನು ಬರೆದುಕೊಂಡಳು. ಅದರ ಕೆಳಗೆ ಎರಡು ಗೆರೆ ಎಳೆದಳು.

ಇನ್‌ಸ್ಪೆಕ್ಟರ್ ಮೇಡಂ ನೋಟುಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ವಿಡಿಯೋ ನೋಡಿದರು. ಆಮೇಲೆ, "ಕೂತ್ಕೊಳ್ಳಿ ಅಮ್ಮ" ಎಂದರು. ಅಲ್ಲಿಯವರೆಗೆ ಅವಳಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

ತಾಯಿಯನ್ನು ಕರೆಸಿದರು. ಅವಳು ಒಳಗೆ ಹೋದಾಗ ಗೇಟತ್ತೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಹತ್ತು ನಿಮಿಷದ ಮೇಲೆ ಹೊರಗೆ ಬಂದ ತಾಯಿ ಗೋಡೆ ಹಿಡಿದುಕೊಂಡು ನಡೆದು ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಮೂರು ವಾರದ ಹಿಂದೆ ಇದೇ ಹೆಂಗಸು ಶಾಲೆಯ ಗೇಟಿನಲ್ಲಿ ಅವಳ ಸೆರಗು ಹಿಡಿದು ಎಳೆದಾಡಿ, 'ಎಲ್ಲಿ ಕೊಟ್ಟೆ ನನ್ನ ಮಗೂನ' ಎಂದು ಕಿರುಚಿದ್ದಳು.

"ನಾನೇ ಕೊಟ್ಟೆ ಅಲ್ವಾ?" ಎಂದಳು ತಾಯಿ ಈಗ. "ಬಾಗಿಲು, ಕೀಲಿ, ಎಲ್ಲ ನಾನೇ ಕೊಟ್ಟೆ."

ಗೇಟತ್ತೆ ಹೌದು ಅನ್ನಬಹುದಿತ್ತು. ಅವಳ ಹೆಸರು ಅಲ್ಲಿಗೆ ತೊಳೆದುಹೋಗುತ್ತಿತ್ತು. "ಕೈ ಹಿಡಿದು ಕೊಟ್ಟಿದ್ದು ನಾನು ಅಮ್ಮಾ," ಎಂದಳು. "ಮಗು ಹಿಂದೆ ಸರೀತು. ನಾನು ನೋಡ್ದೆ. ನೋಡಿನೂ ಕೊಟ್ಟೆ." ಇಬ್ಬರೂ ಅಲ್ಲೇ ಕೂತಿದ್ದರು. ಎದುರಿಗೆ ಒಬ್ಬ ಪೇದೆ ಫ್ಯಾನಿನ ರೆಕ್ಕೆ ಒರೆಸುತ್ತಿದ್ದ.

ಶಾಲೆ ಅವಳನ್ನು ವಾಪಸ್ ತೆಗೆದುಕೊಳ್ಳಲಿಲ್ಲ. "ನಿಮ್ಮ ತಪ್ಪಿಲ್ಲ ಅಂತ ನಂಗೆ ಗೊತ್ತು, ಆದ್ರೆ ಪೇರೆಂಟ್ಸ್ ಒಪ್ಪಲ್ಲ" ಎಂದರು ಹೆಡ್‌ಮಿಸ್, ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಾ. ಅವಳು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದಳು. ನೆಲಮಾಳಿಗೆ. ಆವಿ, ಸೋಪಿನ ನಾತ, ದಿನವಿಡೀ ಬಿಳಿ ಬಟ್ಟೆ. ಮಕ್ಕಳ ಸದ್ದು ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಅದೇ ಒಳ್ಳೆಯದು ಅಂದುಕೊಂಡಳು.

ಎರಡು ತಿಂಗಳಾದ ಮೇಲೆ ಇನ್‌ಸ್ಪೆಕ್ಟರ್ ಮೇಡಂ ಲಾಂಡ್ರಿಗೇ ಬಂದರು. ಇನ್ನೊಂದು ಶಾಲೆಯಲ್ಲಿ ಪೋಷಕರ ಸಭೆಯಿದೆ, ನೀವು ಬಂದು ಮಾತಾಡಬೇಕು ಎಂದರು.

"ನಂಗೆ ಭಾಷಣ ಬರಲ್ಲ ಮೇಡಂ."

"ಭಾಷಣ ನಾನು ಮಾಡಿ ಸಾಕಾಗಿದೆ. ಎಲ್ಲ ತಲೆ ಆಡಿಸ್ತಾರೆ, ಹೊರಗೆ ಹೋಗೋವಾಗ ಮಗೂದು ಒಂದು ಫೋಟೋ ಹಿಡಿದು ಹಾಕ್ತಾರೆ. ನೀವು ಆ ನೋಟುಬುಕ್ಕಲ್ಲಿ ಬರೆದ ಹಾಗೆ ಆ ಶಾಲೆ ಮಕ್ಕಳ ಬಗ್ಗೆ ಬರ್ಕೊಂಡು ಬಂದು ಓದಿ. ಅಷ್ಟು ಸಾಕು."

ತಂಗಿಯ ಮಗಳು ಆ ಶಾಲೆಯ ಹೆಸರು ಹಾಕಿ ಹುಡುಕಿದಳು. ಎರಡು ಸಂಜೆ ಸಾಕಾಯಿತು. ಸಭೆಯ ದಿನ ಗೇಟತ್ತೆ ಮೈಕಿನ ಮುಂದೆ ನಿಂತು, ಮುಖ ಎತ್ತದೆ, ಪುಟ ತೆರೆದು ಓದಿದಳು.

"ಒಬ್ಬ ಹುಡುಗ. ಆರು ವರ್ಷ. ಬುಧವಾರ ಶುಕ್ರವಾರ ಈಜು ಕಲಿಯೋಕೆ ಹೋಗ್ತಾನೆ, ಅಜ್ಜಿ ಜೊತೆ. ಅಜ್ಜಿಗೆ ಕಿವಿ ಕೇಳ್ಸಲ್ಲ. ಡೈನೋಸಾರ್ ತೋರಿಸ್ತೀನಿ ಅಂದ್ರೆ ಯಾರ ಹಿಂದೆ ಬೇಕಾದ್ರೂ ಹೋಗ್ತಾನೆ ಅಂತ ಅಮ್ಮನೇ ಬರೆದಿದಾರೆ. ಒಬ್ಬಳು ಹುಡುಗಿ. ಐದು ವರ್ಷ. ಮೂರನೇ ಮಹಡಿ, ಹಳದಿ ಬಾಗಿಲು, ಕೀಲಿ ಹೂಕುಂಡದ ಕೆಳಗೆ. ಅಪ್ಪ ಅಮ್ಮ ಬರೋ ತನಕ ಒಂದು ಗಂಟೆ ಒಬ್ಬಳೇ ಇರ್ತಾಳೆ, ಎಷ್ಟು ಧೈರ್ಯವಂತೆ ನೋಡಿ ಅಂತ ಬರೆದಿದಾರೆ."

ಐದನೆಯ ಮಗುವಿನದು ಓದುವಾಗ ಒಬ್ಬ ಅಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಏನ್ರೀ ಇದು? ನನ್ನ ಮಗಳ ವಿಷಯ ನೀವ್ಯಾಕೆ ಹುಡುಕಿದ್ರಿ? ಯಾರ್ರೀ ನೀವು?"

"ಯಾರೂ ಅಲ್ಲ ಸಾರ್. ನಿಮಗೂ ನನಗೂ ಪರಿಚಯವೇ ಇಲ್ಲ. ಅದನ್ನೇ ಹೇಳೋಕೆ ಬಂದೆ."

"ನೀವೇ ತಾನೇ ಆ ಮಗೂನ ಗೇಟಲ್ಲಿ ಕೊಟ್ಟು ಕಳಿಸಿದ್ದು?" ಹಿಂದಿನ ಸಾಲಿನಿಂದ ಒಂದು ಹೆಣ್ಣು ದನಿ.

"ಹೌದಮ್ಮ, ನಾನೇ." ಅವಳು ನೋಟುಬುಕ್ಕು ಮುಚ್ಚಿದಳು. "ಅವನು ಮೃಗದ ಹಾಗೆ ಬರ್ಲಿಲ್ಲ. ಮಾಮನ ಹಾಗೆ ಬಂದ. ನಿಮ್ಮ ಮಗೂ ಬಗ್ಗೆ ಎಲ್ಲ ಗೊತ್ತಿರೋರು ನಿಮ್ಮವರೇ ಅಂತ ಮಗು ನಂಬುತ್ತೆ. ನಾನೂ ನಂಬಿದೆ, ನಂಗೆ ಐವತ್ತೆರಡು. ಅದಕ್ಕೇ ಹೇಳ್ತೀನಿ, ಮಗೂಗೆ ಹೇಳಿಕೊಡಿ. ನಿನ್ನ ಗುಟ್ಟು ಗೊತ್ತು ಅಂತ ಬಂದೋರೆಲ್ಲ ನಮ್ಮವರಲ್ಲ, ಇಂಥೋರು ಬರ್ತಾರೆ ಅಂತ ಅಪ್ಪ ಅಮ್ಮ ಮೊದಲೇ ಹೇಳಿದ್ರೆ ಮಾತ್ರ ನಮ್ಮವರು ಅಂತ. ಫೋನಲ್ಲಿ ಆಟ ಆಡ್ತಾ ಯಾರಾದ್ರೂ ಊರು ಕೇಳಿದ್ರು, ಫೋಟೋ ಕೇಳಿದ್ರು, ಅಮ್ಮನಿಗೆ ಹೇಳ್ಬೇಡ ಅಂದ್ರು ಅಂದ್ರೆ, ಅವತ್ತೇ ಬಂದು ಹೇಳೋ ಹಾಗೆ ಇಟ್ಕೊಳ್ಳಿ. ಹೇಳಿದಾಗ ಬೈಬೇಡಿ. ಬೈದ್ರೆ ಇನ್ನೊಂದು ಸಲ ಹೇಳಲ್ಲ. ನೀವು ಹಾಕಿರೋದನ್ನ ಇವತ್ತು ಮನೆಗೆ ಹೋಗಿ ಕೂತು ನೋಡಿ. ಅಪ್ಪ ಅಮ್ಮ ಆಗಿ ನೋಡ್ಬೇಡಿ. ಹೊರಗಿನೋರ ಹಾಗೆ ನೋಡಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಅಪ್ಪ ಹೊರಟುಹೋದ. ಕೆಲವರು ಅಲ್ಲೇ ಕೂತು ಫೋನು ತೆಗೆದು ಅಳಿಸತೊಡಗಿದರು. ಮರುದಿನ ತಂಗಿಯ ಮಗಳು ನೋಡಿದಾಗ ಹಳದಿ ಬಾಗಿಲಿನ ವಿಡಿಯೋ ಇರಲಿಲ್ಲ. ಡೈನೋಸಾರ್ ಹುಡುಗನದು ಇತ್ತು. ಅದರ ಮೇಲೆ ಹೊಸದೊಂದೂ ಬಂದಿತ್ತು.

ಎಂಟು ತಿಂಗಳಿಗೆ ಅವನು ಸಿಕ್ಕ. ದೂರದ ಇನ್ನೊಂದು ಊರಿನಲ್ಲಿ, ಇನ್ನೊಂದು ಮಗುವಿನ ಶಾಲೆಯ ಹೊರಗೆ. ಗುರುತು ಹಿಡಿಯಲು ಗೇಟತ್ತೆಯನ್ನು ಕರೆಸಿದರು. ಆರು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಮೂರನೆಯವನು. ಗಡ್ಡ ಬಿಟ್ಟಿದ್ದ, ಆದರೂ ಎದುರಿನವರ ಮಾತು ಕೇಳುವಾಗ ತಲೆಯನ್ನು ತುಸು ವಾಲಿಸುವ ರೀತಿ ಅದೇ. ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತಿದ್ದರೆ ಯಾರೂ ಎರಡನೇ ಸಲ ನೋಡದಂಥ ಮುಖ.

ಅವನ ಫೋನಿನಲ್ಲಿ ನಲವತ್ತೊಂದು ಮಕ್ಕಳ ಹೆಸರಿನಲ್ಲಿ ಬೇರೆಬೇರೆ ಫೋಲ್ಡರುಗಳಿದ್ದವು. ಅದರಲ್ಲಿದ್ದ ವಿಡಿಯೋಗಳೆಲ್ಲ ಅಪ್ಪ ಅಮ್ಮಂದಿರು ತಾವೇ ಖುಷಿಯಿಂದ ಹಾಕಿದವು. ಪ್ರತಿ ಮಗುವಿಗೆ ಒಂದು ಪುಟದ ಟಿಪ್ಪಣಿ. ಮೇಡಂ ಒಂದನ್ನು ಮುದ್ರಿಸಿ ಅವಳ ಮುಂದಿಟ್ಟರು. ಶಾಲೆ, ಬಿಡುವ ಹೊತ್ತು, ಯಾರು ಬರುತ್ತಾರೆ, ಏನೆಂದರೆ ಇಷ್ಟ, ಏನೆಂದರೆ ಭಯ. ಅವಳು ಗೆರೆ ಎಳೆದುಕೊಂಡ ಹಾಗೆಯೇ ಅವನೂ ಎಳೆದುಕೊಂಡಿದ್ದ. ಅವಳಷ್ಟೇ ಶ್ರದ್ಧೆಯಿಂದ. ಆ ಕಾಗದವನ್ನು ಮಗುಚಿ ಹಾಕಿ, "ಇವರ ಮನೆಯವರಿಗೆ ಗೊತ್ತಾ ಮೇಡಂ?" ಎಂದಳು.

"ಪತ್ರ ಬರೀತೀವಿ. ಅರ್ಧ ಜನ ಓದಲ್ಲ."

"ನಾನು ಹೋಗ್ತೀನಿ."

ಲಾಂಡ್ರಿಗೆ ಭಾನುವಾರ ರಜೆ. ಮೇಡಂ ಅವಳ ಜೊತೆ ಮಫ್ತಿಯಲ್ಲಿ ಒಬ್ಬ ಮಹಿಳಾ ಪೇದೆಯನ್ನು ಕಳಿಸುತ್ತಿದ್ದರು. ಬಸ್ಸು ಹಿಡಿದು, ಬೀದಿ ವಿಚಾರಿಸಿಕೊಂಡು, ಮೆಟ್ಟಿಲು ಹತ್ತಿ, ಬೆಲ್ ಒತ್ತಿ, ಗುರುತಿಲ್ಲದ ಜನರಿಗೆ ಅವರ ಮಗುವಿನ ಹೆಸರಿನ ಒಂದು ಪುಟ ಓದಿ ಹೇಳುವುದು. ಕೆಲವರು ಅತ್ತರು. ಕೆಲವರು ಗಂಡ ಹೆಂಡಿರು ಅವಳ ಎದುರಿನಲ್ಲೇ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಒಬ್ಬ ಅಜ್ಜ ಮೊಮ್ಮಗನನ್ನು ತೊಡೆಯ ಮೇಲೆ ಎಳೆದುಕೊಂಡು ಕೂತುಬಿಟ್ಟ. ಹದಿನಾಲ್ಕನೆಯ ಮನೆಯಲ್ಲಿ ಮಾತ್ರ ಸರಪಳಿ ತೆಗೆಯದೆಯೇ, "ಹೊಟ್ಟೆಕಿಚ್ಚಿನವರು ಕಳಿಸಿರ್ತಾರೆ" ಎಂದು ಮುಖಕ್ಕೆ ಬಾಗಿಲು ಹಾಕಿದರು. ಅವಳಿ ಮಕ್ಕಳ ತಾಯಿ ಅವಳು. ಆ ಸಂಜೆಯೇ ಅವಳಿಗಳ ಸ್ನಾನದ ವಿಡಿಯೋ ಬಂತು.

ಮುಂದಿನ ಭಾನುವಾರ ಬಸ್ ನಿಲ್ದಾಣದಲ್ಲಿ ಚೂಟಿಯ ಅಮ್ಮ ಕಾದು ನಿಂತಿದ್ದಳು. ಮನೆ ಬದಲಿಸಿ, ಊರಿನ ಇನ್ನೊಂದು ತುದಿಗೆ ಹೋಗಿದ್ದರು. ಗಂಡ ಟ್ಯಾಂಕರ್ ಬಿಟ್ಟು ಊರೊಳಗೇ ನೀರಿನ ಲಾರಿ ಓಡಿಸುತ್ತಿದ್ದ. ಅವಳು ಸೊರಗಿದ್ದಳು, ತಲೆಯಲ್ಲಿ ಬಿಳಿ ಕೂದಲು ಬಂದಿತ್ತು.

"ಮೇಡಂ ಹೇಳಿದ್ರು ನೀವು ಹೋಗ್ತೀರ ಅಂತ. ನಾನೂ ಬರ್ತೀನಿ."

ಗೇಟತ್ತೆಗೆ ಕೇಳಬೇಕಿದ್ದದ್ದು ಒಂದೇ. ಅದನ್ನು ಕೇಳಲು ಬಸ್ಸು ಅರ್ಧ ದಾರಿ ಹೋಗಬೇಕಾಯಿತು. "ಮಗು..."

"ಅವರಪ್ಪನ ಹತ್ರ ಒಂದೆರಡು ಮಾತಾಡ್ತಾಳೆ. ನನ್ನ ಹತ್ರ ಇಲ್ಲ. ನನ್ನ ಕೈಯಲ್ಲಿ ಫೋನು ನೋಡಿದ್ರೆ ಮಂಚದ ಕೆಳಗೆ ಹೋಗಿ ಕೂತ್ಕೊಳ್ತಿದ್ಲು. ಮಾರಿಬಿಟ್ಟೆ ಫೋನನ್ನ. ಈಗ್ಲೂ ಕೂತ್ಕೊಳ್ತಾಳೆ."

ಅವಳಿಗಳ ಮನೆಯ ಬಾಗಿಲು ಮತ್ತೆ ಸರಪಳಿಯಷ್ಟೇ ತೆರೆಯಿತು. ಆ ಹೆಂಗಸು ಗೇಟತ್ತೆಯನ್ನು ಗುರುತು ಹಿಡಿದು, "ಮತ್ತೆ ಬಂದ್ರಾ? ಗಂಡನ್ನ ಕರೀಬೇಕಾ?" ಎಂದಳು. ಗೇಟತ್ತೆ ಬಾಯಿ ತೆರೆಯುವ ಮೊದಲೇ ಚೂಟಿಯ ಅಮ್ಮ ಮುಂದೆ ಬಂದಳು.

"ನಾನು ಆ ಹುಡುಗಿಯ ಅಮ್ಮ," ಎಂದಳು.

ಯಾವ ಹುಡುಗಿ ಎಂದು ಆ ಹೆಂಗಸು ಕೇಳಲಿಲ್ಲ. ಆ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಸರಪಳಿ ಬಿಚ್ಚಿದ ಸದ್ದಾಯಿತು.

ಒಳಗೆ ಅವಳಿಗಳು ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದರು. ಅವಳಿಗಳ ಅಮ್ಮ ಸೋಫಾದ ಅಂಚಿನಲ್ಲಿ ಕೂತು ಒಂದೊಂದಾಗಿ ಅಳಿಸಿದಳು. ಚೂಟಿಯ ಅಮ್ಮ ಪಕ್ಕದಲ್ಲಿ ಕೂತು ತೋರಿಸಿದಳು, ಇದು, ಇದೂ, ಇದರಲ್ಲಿ ಕಿಟಕಿಯಾಚೆ ಬೀದಿ ಕಾಣ್ತಿದೆ ನೋಡಿ. ಮುಕ್ಕಾಲು ಗಂಟೆ ಹಿಡಿಯಿತು. ಪೇದೆ ಬಾಗಿಲ ಹತ್ತಿರ ನಿಂತಿದ್ದಳು. ಗೇಟತ್ತೆ ನೋಟುಬುಕ್ಕನ್ನು ಚೀಲದಿಂದ ತೆಗೆಯಲೇ ಇಲ್ಲ.

ಕೊನೆಯದು ಅಳಿಸಿದ ಮೇಲೆ ಆ ಹೆಂಗಸು ಕಣ್ಣೊರೆಸಿಕೊಂಡು, "ಎಲ್ಲಾ ಹೋಯ್ತಾ?" ಎಂದು ಕೇಳಿದಳು.

"ಇಲ್ಲಿಂದ ಹೋಯ್ತು," ಎಂದಳು ಚೂಟಿಯ ಅಮ್ಮ.

ಮೆಟ್ಟಿಲಿಳಿದು ಬೀದಿಗೆ ಬಂದರು. ಮುಂದಿನ ವಿಳಾಸ ರೈಲ್ವೆ ಹಳಿಯ ಆಚೆ ಇತ್ತು. ಬಿಸಿಲಿತ್ತು. ನಡೆದೇ ಹೋಗೋಣ ಎಂದಳು ಗೇಟತ್ತೆ.